ನಡುವಿನ ಹಾಳೆ

"ಮುಟ್ಟಬೇಡಿ ಮೇಡಂ, ಅದು ಸಾಕ್ಷಿ."

"ಸಾಕ್ಷಿ ಅಂತಾನೇ ಮುಟ್ತಿರೋದು," ಅಂದಳು ತನಿಖೆಗೆ ಬಂದಿದ್ದ ಕಿವಿಯಮ್ಮ, ಹಿಂದೆ ನಿಂತಿದ್ದ ಮೇಜರ್‌ನ ಕಡೆ ತಿರುಗದೆ. ಕಾರ್ಯಾಚರಣೆ ಕೋಣೆಯ ಗೋಡೆಯ ಹಲಗೆಗೆ ಚುಚ್ಚಿದ್ದ ಹವಾಮಾನದ ಹಾಳೆಯ ಕೆಳಗಿನ ಎರಡು ಪಿನ್ನು ಕಿತ್ತಳು. ಮಲಗಿದ ಮಗುವಿನ ಹೊದಿಕೆ ಸರಿಸುವಂತೆ ಅದರ ಅಂಚನ್ನು ಮೆಲ್ಲಗೆ ಮೇಲಕ್ಕೆತ್ತಿದಳು.

ಹಾಳೆಯ ಹಿಂದೆ ಹಸಿರು ಬಟ್ಟೆ. ಹೊಸದು. ಅಂಗಡಿಯ ಗಂಜಿಯ ವಾಸನೆ ಇನ್ನೂ ಬಿಟ್ಟಿರಲಿಲ್ಲ.

"ಈ ಬಟ್ಟೆ ಯಾವಾಗ ಹಾಕ್ಸಿದ್ದು?"

"ಮೊನ್ನೆ ಸಂಜೆ. ದೊಡ್ಡ ಸಾಹೇಬ್ರು ನೋಡೋಕೆ ಬರೋರಿದ್ರು. ಹಳೇದು ಪಿನ್ನು ಚುಚ್ಚಿ ಚುಚ್ಚಿ ಜರಡಿ ಆಗಿತ್ತು."

"ಅದಾದ್ಮೇಲೆ ಇದರ ಮೇಲೆ ಬಂದಿದ್ದು ಇದೊಂದೇ ಹಾಳೆನಾ?"

"ಇದೊಂದೇ."

ಮೇಜರ್‌ನ ಉತ್ತರ ಬೇಗ ಬಂತು. ಸ್ವಲ್ಪ ಹೆಚ್ಚೇ ಬೇಗ.

ನಿನ್ನೆ ಮುಂಜಾನೆ ಇದೇ ಹಾಳೆಯ ಮಾತು ನಂಬಿ ಹಾರಿದ ಹೆಲಿಕಾಪ್ಟರ್ ಕಣಿವೆಯ ಮಂಜಿನಲ್ಲಿ ಬಂಡೆಗೆ ಬಡಿದು ಬಿದ್ದಿತ್ತು. ದೂರದ ಕಾವಲುಗೋಪುರದವರು ಬೆಂಕಿ ಕಂಡಿದ್ದರು. ಅಂಥ ಬೆಂಕಿಯಲ್ಲಿ ಯಾರೂ ಉಳಿದಿರಲಾರರೆಂದು ಎಲ್ಲರೂ ತೀರ್ಮಾನಿಸಿದ್ದರು. ಹಾಳೆಯ ಕೆಳಗಿದ್ದ ಸಹಿ ವಾಯುನೆಲೆಯ ಹಿರಿಯ ಹವಾಮಾನ ಮುನ್ಸೂಚಕನದು. ಎಲ್ಲರ ಬಾಯಲ್ಲೂ ಅವನು ಮೋಡಪ್ಪ. ಹೆಲಿಕಾಪ್ಟರ್ ಹಾರಿಸಿದವನು ಅವನ ಒಬ್ಬನೇ ಮಗ.

ಸಂಜೆಗೆ ಸೇನಾ ಪೊಲೀಸರ ವಾಹನ ಬರುವುದಿತ್ತು. ಅಷ್ಟರೊಳಗೆ ಕಿವಿಯಮ್ಮ ಬೇರೇನಾದರೂ ಕಂಡುಹಿಡಿಯದಿದ್ದರೆ, ಹೆತ್ತ ಮಗನನ್ನೂ ಮಗನ ಜೊತೆಗಾರರನ್ನೂ ಸುಳ್ಳು ಮುನ್ಸೂಚನೆ ಕೊಟ್ಟು ಕೊಂದವನೆಂಬ ಹಣೆಪಟ್ಟಿ ಹೊತ್ತು ಮೋಡಪ್ಪ ಆ ವಾಹನ ಹತ್ತಬೇಕಿತ್ತು. ಹತ್ತಲು ಅವನು ತಯಾರಾಗಿಯೂ ಇದ್ದ. "ಸಹಿ ನನ್ನದೇ" ಎಂಬ ಮಾತು ಬಿಟ್ಟು ಅವನ ಬಾಯಿಂದ ಇನ್ನೊಂದು ಮಾತು ಬಂದಿರಲಿಲ್ಲ.

ಕಿವಿಯಮ್ಮ ಬಟ್ಟೆಯ ಹತ್ತಿರ ಕಣ್ಣು ತಂದಳು. ಈ ಹಾಳೆಯ ಮೂಲೆಗಳ ಪಿನ್ನು ಸರಿ. ಆದರೆ ಹಾಳೆಯ ಆಚೆಗೂ ಈಚೆಗೂ ಬೇರೆ ತೂತುಗಳಿದ್ದವು. ಹಾಳೆ ಮರೆಮಾಡಿದ್ದ ಜಾಗದಲ್ಲಿ, ನಡುಮಧ್ಯೆ, ಇನ್ನಷ್ಟು. ಎರಡು ಹಾಳೆಯನ್ನು ಅಕ್ಕಪಕ್ಕ ಚುಚ್ಚಿ ಕಿತ್ತರೆ ಆಗುವ ಹಾಗೆ.

ಮತ್ತೆ ಕೆಳಗೆ, ಸಹಿಯ ಬೆನ್ನಿಗೆ ಸರಿಯಾಗಿ, ಬಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣ ನೀಲಿ ಚುಕ್ಕೆಗಳು.

ಅವಳು ಹಾಳೆ ಇಳಿಬಿಟ್ಟು ಪಿನ್ನು ಚುಚ್ಚಿದಳು. "ಊಟದ ಹೊತ್ತಾಯ್ತಲ್ಲ," ಎಂದಷ್ಟೇ ಹೇಳಿ ಹೊರಟಳು.

ಅವಳ ನಿಜವಾದ ಹೆಸರು ಸಂಬಳ ಹಾಕುವವರಿಗೆ ಮಾತ್ರ ನೆನಪಿತ್ತು. ಆಡುವುದು ಕಡಿಮೆ, ಕೇಳುವುದು ಹೆಚ್ಚು, ಹಾಗಾಗಿ ಕಿವಿಯಮ್ಮ. ಚಿಕ್ಕಂದಿನಲ್ಲಿ ಅಪ್ಪ ದಿನಾ ಬೆಳಿಗ್ಗೆ ದೇವರ ಮುಂದೆ ಪದ್ಯ ಓದುವಾಗ ಪಕ್ಕದಲ್ಲಿ ಕೂತು ಪಳಗಿದ ಕಿವಿ ಅದು. ಉಸಿರು ನಿಲ್ಲಬೇಕಾದಲ್ಲಿ ನಿಂತರೆ ಪದ್ಯ. ಇನ್ನೆಲ್ಲೋ ನಿಂತರೆ, ಓದುವವನಿಗೆ ಅರ್ಥ ಆಗಿಲ್ಲ, ಇಲ್ಲವೇ ಅವನ ಮನಸ್ಸು ಬೇರೆ ಕಡೆ ಇದೆ. ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ಪಕ್ಕದಲ್ಲಿ ಕೂತು ಕೇಳುವುದಕ್ಕೆ ಅವಳಿಗೆ ಈಗ ಉಳಿದಿದ್ದವರು ಆರೋಪಿಗಳು ಮಾತ್ರ.

ಕ್ಯಾಂಟೀನಿನಲ್ಲಿ ಅವಳು ತಟ್ಟೆ ಇಟ್ಟ ಮೇಜಿನಿಂದ ಇಬ್ಬರು ಮೆಕ್ಯಾನಿಕ್‌ಗಳು ಊಟ ಅರ್ಧಕ್ಕೇ ಬಿಟ್ಟು ಎದ್ದರು. ಪಕ್ಕದ ಮೇಜಿನ ಹರಟೆ ಕರೆಂಟು ಹೋದ ರೇಡಿಯೋದಂತೆ ನಿಂತಿತು. ಇದು ಅವಳಿಗೆ ಹೊಸದಲ್ಲ. ತನಿಖೆಗೆ ಹೋದ ಕಡೆಯೆಲ್ಲ ಅವಳಿಗೆ ಇಡೀ ಮೇಜು ಸಿಗುತ್ತಿತ್ತು. ಕಣ್ಣು ಮುಚ್ಚಿ ಮನಸ್ಸಿನಲ್ಲೇ ದೇವರನ್ನು ನೆನೆದು ಅವಳು ಕಣ್ಣು ಬಿಡುವಷ್ಟರಲ್ಲಿ ಎದುರಿಗೆ ಯಾರೋ ನಿಂತಿದ್ದರು.

"ಇಲ್ಲಿ ಕೂರಬಹುದಾ ಮೇಡಂ?"

"ಧೈರ್ಯ ಇದ್ರೆ ಕೂರಮ್ಮ."

"ನಿಮ್ಮೆದುರು ಕೂತ್ರೆ ಏನಾಗುತ್ತೆ?"

"ಊಟ ತಣ್ಣಗಾಗುತ್ತೆ ಅಂತಾರೆ."

"ಈ ಕ್ಯಾಂಟೀನಲ್ಲಿ ಅದು ಬಿಸಿ ಇದ್ದಿದ್ದಾದ್ರೂ ಯಾವಾಗ?" ಅನ್ನುತ್ತ ಅವಳು ಕೂತಳು. ಮೋಡಪ್ಪನ ಕೈಕೆಳಗೆ ನಕ್ಷೆ ಬಿಡಿಸುವವಳು. ಕಂಪ್ಯೂಟರಿನ ಪರದೆಯ ಮೇಲೆ ದಿನವಿಡೀ ನೂಲಿನಂಥ ಗೆರೆಗಳನ್ನು ನೋಡುತ್ತ ಕೂರುತ್ತಿದ್ದುದರಿಂದ ಎಲ್ಲರಿಗೂ ಅವಳು ನೂಲಕ್ಕ. ಅತ್ತು ಅತ್ತು ಕಣ್ಣು ಊದಿದ್ದವು.

"ಮೋಡಪ್ಪಣ್ಣ ಆ ಹಾಳೆ ಮಾಡಿಲ್ಲ ಮೇಡಂ. ದೇವರಾಣೆ ಮಾಡಿಲ್ಲ."

ಕಿವಿಯಮ್ಮ ಸುಮ್ಮನೆ ತುತ್ತು ಕಲಸಿದಳು. ಸುಮ್ಮನಿದ್ದರೆ ಜನ ಮಾತಾಡುತ್ತಾರೆ.

"ನಾಳೆ ಬೆಳಿಗ್ಗೆ ಹೇಗಿರುತ್ತೆ ಅಂತ ನಾವು ಒಂದು ಸಲ ಲೆಕ್ಕ ಹಾಕಲ್ಲ. ಐವತ್ತು ಸಲ ಹಾಕ್ತೀವಿ. ಪ್ರತಿ ಸಲ ಶುರುವಲ್ಲಿ ಒಂದು ಚಿಟಿಕೆ ವ್ಯತ್ಯಾಸ. ಗಾಳಿ ಒಂಚೂರು ಜಾಸ್ತಿ, ತೇವ ಒಂಚೂರು ಕಮ್ಮಿ, ಹಾಗೆ. ಒಂದೇ ಬೆಳಗನ್ನ ಐವತ್ತು ಸಲ ಬದುಕಿ ನೋಡಿದಂಗೆ. ಒಂದೊಂದು ಸಲಕ್ಕೂ ಒಂದೊಂದು ಗೆರೆ ಬರುತ್ತೆ. ನಾವು ಅವನ್ನ ಮಕ್ಕಳು ಅಂತೀವಿ."

"ಎಲ್ಲಾ ಮಕ್ಕಳೂ ಒಂದೇ ಮಾತು ಹೇಳಿದ್ರೆ?"

"ನೆಮ್ಮದಿ. ಒಂದೇ ಹಾಳೆ. ಕೆಳಗೆ ಸಹಿ ಹಾಕಿ ಮೇಲಿನ ಕೋಣೆಗೆ ಕಳಿಸಿಬಿಡ್ತೀವಿ. ಆದ್ರೆ ಮೊನ್ನೆ ರಾತ್ರಿ..." ನೂಲಕ್ಕ ಉಪ್ಪಿನ ಡಬ್ಬಿಯನ್ನು ಮೇಜಿನ ಈ ತುದಿಗೆ ತಳ್ಳಿದಳು. ಮೆಣಸಿನ ಡಬ್ಬಿಯನ್ನು ಆ ತುದಿಗೆ. "ಇವರು, ಗಾಳಿ ಏಳುತ್ತೆ, ಬೆಳಕು ಹರಿಯೋದ್ರೊಳಗೆ ಕಣಿವೆ ಮಂಜು ಹೋಗುತ್ತೆ ಅಂದ್ರು. ಅವರು, ಗಾಳಿ ಏಳಲ್ಲ, ಮಧ್ಯಾಹ್ನದವರೆಗೂ ಮಂಜು ಕದಲಲ್ಲ ಅಂದ್ರು. ಅರ್ಧಕ್ಕರ್ಧ. ಈಗ ಇದಕ್ಕೆ ಸರಾಸರಿ ತೆಗೀರಿ. ಏನ್ ಬರುತ್ತೆ?"

"ನೀನೇ ಹೇಳು."

"ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೆ ಮಂಜು ತೆಳುವಾಗುತ್ತೆ ಅಂತ ಬರುತ್ತೆ." ಎರಡು ಡಬ್ಬಿಗಳ ನಡುವಿನ ಖಾಲಿ ಮೇಜಿನ ಮೇಲೆ ಅವಳು ಬೆರಳಿಟ್ಟಳು. "ಇಲ್ಲಿ. ಇಲ್ಲಿ ಒಂದು ಮಗುನೂ ಇಲ್ಲ ಮೇಡಂ. ಐವತ್ತರಲ್ಲಿ ಒಂದೂ ಹಾಗೆ ಹೇಳಿರ್ಲಿಲ್ಲ. ಯಾರೂ ಹೇಳದೇ ಇರೋ ಹವಾಮಾನ ಅದು."

ಮೇಲಿನ ಕೋಣೆಯ ಹಾಳೆಯಲ್ಲಿ ಇದ್ದದ್ದು ಅಕ್ಷರಶಃ ಅದೇ.

"ಮಕ್ಕಳು ಹಿಂಗೆ ಎರಡು ಪಾಲಾದಾಗ ನೀವೇನ್ ಮಾಡ್ತೀರಿ?"

"ಅದಕ್ಕೆ ಅಣ್ಣನ ಪದ್ಧತಿ ಇದೆ. ಮಕ್ಕಳು ಎರಡು ಪಾಲಾದ್ರೆ ಹಾಳೆನೂ ಎರಡು. ಅದನ್ನ ಯಾರ ಕೈಲೂ ಕಳಿಸೋ ಹಾಗಿಲ್ಲ. ತಾನೇ ಮೆಟ್ಟಿಲು ಹತ್ತಬೇಕು, ಎರಡನ್ನೂ ಅಕ್ಕಪಕ್ಕ ಚುಚ್ಚಬೇಕು, ಬಾಯಿಬಿಟ್ಟು ಹೇಳಿ ಬರಬೇಕು. ಮೊನ್ನೆ ರಾತ್ರಿ ಎರಡು ಹಾಳೆ ಹಿಡ್ಕೊಂಡು ಹತ್ತಿದ್ದನ್ನ ನಾನೇ ನೋಡ್ದೆ. ನನ್ನ ಪಾಳಿ ಮುಗಿದಿತ್ತು, ಮನೆಗೆ ಹೋದೆ. ಇದನ್ನೇ ಹೇಳಿದ್ರೆ ಮೇಜರ್ ಸಾಹೇಬ್ರು, ಅವ್ನು ಬರ್ಲೇ ಇಲ್ಲ ಅಂದ್ರು. ಅಣ್ಣನೂ ಹೌದು ಅಂದ್ಬಿಟ್ರು. ನನ್ನ ಕಣ್ಣೇ ಸುಳ್ಳಾಯ್ತು."

"ಈ ಸರಾಸರಿ ಹಾಳೆ ತೆಗೆಯೋಕೆ ಯಾರ್ಯಾರಿಗೆ ಬರುತ್ತೆ?"

"ಅದೇನು ಬ್ರಹ್ಮವಿದ್ಯೆ ಅಲ್ಲ. ಆದ್ರೆ ನಮ್ಮ ಕಂಪ್ಯೂಟರಲ್ಲಿ ಎಲ್ಲಿ ಏನು ಒತ್ತಬೇಕು ಅಂತ ಗೊತ್ತಿರೋದು ಮೂರು ಜನಕ್ಕೆ. ಅಣ್ಣಂಗೆ, ನಂಗೆ..." ಅವಳು ನೀರಿನ ಲೋಟ ಎತ್ತಿಕೊಂಡಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕುಡಿದಳು. "ಇಬ್ಬರಿಗೆ. ನಮ್ಮಿಬ್ಬರಿಗೇ."

ಉಸಿರು ನಿಲ್ಲಬಾರದ ಕಡೆ ನಿಂತಿತ್ತು. ಕಿವಿಯಮ್ಮ ಏನೂ ಕೇಳದೆ ತಟ್ಟೆಯಲ್ಲೇ ಕೈ ತೊಳೆದಳು.

ಮೇಲಿನ ಕಾರ್ಯಾಚರಣೆ ಕೋಣೆಯಲ್ಲಿ ಮೇಜರ್ ಒಬ್ಬನೇ ಇದ್ದ. ಅವನಿಗೆ ಬೆನ್ನ ಹಿಂದೆ ಇಟ್ಟ ಹೆಸರು ಹೌದಾ-ಇಲ್ವಾ. ಮಳೆ ಬರುವ ಸಂಭವ ಇಷ್ಟು, ಮಂಜಿನ ಸಂಭವ ಅಷ್ಟು ಎಂದು ಯಾರಾದರೂ ಶುರುಮಾಡಿದರೆ ಅವನು ಕೈ ಅಡ್ಡ ಹಿಡಿಯುತ್ತಿದ್ದ. ಹೌದಾ, ಇಲ್ವಾ, ಅಷ್ಟು ಹೇಳಿ ಸಾಕು.

"ಮತ್ತೆ ಬಂದ್ರಾ?"

"ಒಂದು ಪೆನ್ನು ಕೊಡ್ತೀರಾ?"

ಅವನು ಜೇಬಿನಿಂದ ತೆಗೆದುಕೊಟ್ಟ. ಕಿವಿಯಮ್ಮ ಒಂದು ಖಾಲಿ ಹಾಳೆಯನ್ನು ಹಲಗೆಯ ಮೂಲೆಗೆ ಚುಚ್ಚಿದಳು. ನಿಂತೇ ಅದರ ಮೇಲೆ ತನ್ನ ಸಹಿ ಹಾಕಿದಳು. ಹಾಳೆ ಕಿತ್ತು ಪೆನ್ನನ್ನು ಅವನ ಕೈಗೆ ಮರಳಿಸಿದಳು. ಹಸಿರು ಬಟ್ಟೆಯ ಮೇಲೆ ನೀಲಿ ಚುಕ್ಕೆಗಳು ಮೂಡಿದ್ದವು.

"ಮೆತ್ತನೆ ಬಟ್ಟೆ. ನೇತಾಡೋ ಹಾಳೆಗೆ ಸಹಿ ಹಾಕಿದ್ರೆ ಪೆನ್ನು ಚುಚ್ಕೊಂಡು ಆಚೆ ಇಣುಕುತ್ತೆ. ಮೇಜಿನ ಮೇಲಿಟ್ಟು ಹಾಕಿದ್ರೆ ಇಣುಕಲ್ಲ. ಮೋಡಪ್ಪ ಕೆಳಗೇ ಸಹಿ ಹಾಕಿ ಕಳಿಸಿದ್ದು ಅಂತ ನೀವು ಹೇಳಿಕೆ ಕೊಟ್ಟಿದ್ದೀರಿ. ಹಾಳೆ ಇಲ್ಲಿ ನೇತುಬಿದ್ದ ಮೇಲೆ ಸಹಿ ಬಿದ್ದಿದ್ದು ಅಂತ ಬಟ್ಟೆ ಹೇಳ್ತಿದೆ. ನಾನು ಯಾರ ಮಾತು ನಂಬ್ಲಿ?"

"ಬಟ್ಟೆ ಮಾತಾಡುತ್ತಾ ಮೇಡಂ?"

"ನಿಮ್ಮಷ್ಟು ಬೇಗ ಅಲ್ಲ. ಇನ್ನೂ ಒಂದು ಹೇಳ್ತಿದೆ. ಒಂದೇ ಹಾಳೆ ಬಂದಿದ್ದು ಅಂದ್ರಿ. ಇಲ್ಲಿ ಮೂರು ಹಾಳೆಯ ತೂತಿದೆ. ಅವನು ಬಂದಿದ್ದ. ಎರಡು ಹಾಳೆ ಚುಚ್ಚಿ, ಬಾಯಿಬಿಟ್ಟು ಹೇಳಿ ಹೋಗಿದ್ದ. ಹೌದಾ, ಇಲ್ವಾ?"

ಮೇಜರ್ ಕೂತ. ಕುರ್ಚಿ ಹಿಂದಕ್ಕೆ ಸರಿದ ಸದ್ದು ಆ ಖಾಲಿ ಕೋಣೆಯಲ್ಲಿ ದೊಡ್ಡದಾಗಿ ಕೇಳಿಸಿತು.

"ಕಣಿವೆಯಾಚೆ ನಮ್ಮ ಕಾವಲುಠಾಣೆಯಲ್ಲಿ ಹುಡುಗರಿಗೆ ಗಾಯ ಆಗಿತ್ತು. ರಕ್ತ ನಿಲ್ತಿಲ್ಲ ಅಂತ ವೈರ್‌ಲೆಸ್‌ನಲ್ಲಿ ಕೂಗ್ತಾ ಇದ್ರು. ಮೋಡಪ್ಪ ಬಂದ. ಹಾರಬಹುದಾ ಇಲ್ವಾ ಅಂತ ಕೇಳ್ದೆ. ಅರ್ಧ ಹೌದು, ಅರ್ಧ ಇಲ್ಲ, ನಾನಾಗಿದ್ರೆ ಮಧ್ಯಾಹ್ನದವರೆಗೆ ಕಾಯ್ತೀನಿ ಅಂದ. ಆಜ್ಞೆಯಲ್ಲಿ ಅರ್ಧ ಅಂತ ಹೇಗೆ ಬರೀಲಿ? ಹಲಗೆ ಮೇಲೆ ಒಂದೇ ಹಾಳೆ, ಒಂದೇ ಮಾತು ಇರಬೇಕು ಅಂತ ನಿಯಮ."

"ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ಅಂದ್ಕೊಳಿ. ಅವನು ಕೆಳಗಿಳಿದು ಹೋದ. ಆಮೇಲೆ ಒಂದು ಹಾಳೆ ನನ್ನ ಕೈಗೆ ಬಂತು. ಒಂದೇ ಮಾತಿನದು. ಸಹಿ ಇದೆಯಾ ಅಂತ ನಾನು ನೋಡ್ಲಿಲ್ಲ. ನೋಡಬಾರದು ಅಂತಲೇ ನೋಡ್ಲಿಲ್ಲ. ಎರಡನ್ನ ಕಿತ್ತೆ, ಇದನ್ನ ಚುಚ್ಚಿದೆ."

"ಸಹಿ ಯಾವಾಗ ಬಿತ್ತು?"

"ಹೆಲಿಕಾಪ್ಟರ್ ಬಿದ್ದ ಸುದ್ದಿ ಬಂದ ಮೇಲೆ ಮೋಡಪ್ಪ ಓಡಿ ಬಂದ. ಹಾಳೆ ಓದಿದ. ತುಂಬಾ ಹೊತ್ತು ಅದರೆದುರು ನಿಂತಿದ್ದ. ನನ್ನ ಜೇಬಿಂದಲೇ ಪೆನ್ನು ತಗೊಂಡು ಸಹಿ ಹಾಕಿದ." ಮೇಜರ್ ಕೈಯಲ್ಲಿದ್ದ ಪೆನ್ನನ್ನು ನೋಡಿ ಅದನ್ನು ಮೇಜಿನ ಮೇಲಿಟ್ಟ, ಕೈ ಸುಟ್ಟುಕೊಂಡವನಂತೆ. "ನಾನು ಬೇಡ ಅನ್ಲಿಲ್ಲ."

"ಯಾಕೆ?"

"ನನಗೂ ಮಕ್ಕಳಿದ್ದಾರೆ ಮೇಡಂ."

"ಅವನಿಗೂ ಒಬ್ಬ ಇದ್ದ," ಅಂದಳು ಕಿವಿಯಮ್ಮ. "ಹಾಳೆ ತಂದುಕೊಟ್ಟಿದ್ದು ಯಾರು?"

ಮೇಜರ್ ತಲೆ ಅಲ್ಲಾಡಿಸಿದ. "ಅದೊಂದು ಕೇಳ್ಬೇಡಿ. ಅವನ ಅಪ್ಪನೇ ಹೇಳಲ್ಲ ಅಂದ್ಮೇಲೆ ನಾನು ಹೇಗೆ ಹೇಳ್ಲಿ?"

ಹೇಳಿಬಿಟ್ಟಿದ್ದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾದಾಗ ಕಿವಿಯಮ್ಮ ಮೆಟ್ಟಿಲಿಳಿಯುತ್ತಿದ್ದಳು.

ಮೋಡಪ್ಪನನ್ನು ಅತಿಥಿಗಳ ಕೋಣೆಯಲ್ಲಿ ಇರಿಸಿದ್ದರು. ಹಾಸಿಗೆಯ ಚಾದರ ಹಾಸಿದ ಹಾಗೇ ಇತ್ತು. ಅವನು ಕಿಟಕಿಯ ಪಕ್ಕ ಕೂತು ಆಕಾಶ ನೋಡುತ್ತಿದ್ದ. ಏನೂ ಬೇಡವಾದ ಮೇಲೂ ಕಣ್ಣು ಹಳೆಯ ಕೆಲಸ ಬಿಟ್ಟಿರಲಿಲ್ಲ.

ಕಿವಿಯಮ್ಮ ಎದುರಿನ ಕುರ್ಚಿ ಬಿಟ್ಟು, ಇನ್ನೊಂದನ್ನು ಎಳೆದು ಅವನ ಪಕ್ಕದಲ್ಲಿ ಕೂತಳು. ಇಬ್ಬರೂ ಒಂದೇ ಮೋಡ ನೋಡುತ್ತ ಸ್ವಲ್ಪ ಹೊತ್ತು ಕಳೆದರು.

"ನಡುವಿನ ಹಾಳೆ ಮಾಡಿದ್ದು ನಿಮ್ಮ ಮಗ," ಅಂದಳು.

ಅವನು ಕಣ್ಣನ್ನು ಆಕಾಶದಿಂದ ಕೆಳಗಿಳಿಸಿದ.

"ತಾಯಿಯಿಲ್ಲದ ಮಗು," ಅಂದ. "ಯಾರ ಹತ್ರ ಬಿಡ್ಲಿ? ಪಾಳಿಗೆ ಬರೋವಾಗ ಕಂಕುಳಲ್ಲಿ ಎತ್ಕೊಂಡು ಬರ್ತಿದ್ದೆ. ಆ ಗೆರೆಗಳನ್ನ ತೋರಿಸಿ ಊಟ ಮಾಡಿಸ್ತಿದ್ದೆ. ನೋಡು, ಈ ಮಗು ಈ ಕಡೆ ಓಡ್ತು, ಆ ಮಗು ಆ ಕಡೆ ಓಡ್ತು, ನೀನೊಂದು ತುತ್ತು ತಿನ್ನು ಅಂತ."

"ನಡುವೆ ಯಾರೂ ಇರಲ್ಲ ಅಂತ ಅವನಿಗೆ ಗೊತ್ತಿತ್ತಾ?"

"ನಾನೇ ಹೇಳಿಕೊಟ್ಟಿದ್ದು." ಮೋಡಪ್ಪ ಕಿಟಕಿಯ ಸರಳು ಹಿಡಿದುಕೊಂಡ. "ಆಚೆ ಹುಡುಗರು ಸಾಯ್ತಿದ್ದಾರೆ ಅಂತ ಅವನಿಗೆ ಗೊತ್ತಾಗಿತ್ತು. ಅರ್ಧ ಹೌದು ಅನ್ನೋದು ಅವನಿಗೆ ಸಾಕಿತ್ತು. ಮೇಜರ್‌ಗೆ ಸಾಕಾಗ್ಲಿಲ್ಲ. ಮೇಜರ್‌ಗೆ ಬೇಕಾದ ಹಾಳೆ ಮಾಡಿಕೊಟ್ಟು ಹಾರಿದ. ನನಗೆ ಹೇಳ್ಲಿಲ್ಲ. ಹೇಳಿದ್ರೆ ಬಿಡ್ತಿರಲಿಲ್ಲ ಅಂತ."

"ನೀವು ಯಾಕೆ ಸಹಿ ಹಾಕಿದ್ರಿ?"

"ಅವನ ಜೊತೆ ಹೋದವರ ಮನೆಯವರು ಯಾರನ್ನಾದ್ರೂ ಶಪಿಸಲೇಬೇಕಲ್ಲ ತಾಯಿ. ನನ್ನನ್ನ ಶಪಿಸ್ಲಿ. ಸತ್ತವನಿಗೆ ಎದ್ದು ಬಂದು ಹೀಗಾಯ್ತು ಅಂತ ಹೇಳೋಕೆ ಬಾಯಿಲ್ಲ." ಅವನು ಮೊದಲ ಬಾರಿಗೆ ಅವಳ ಕಡೆ ತಿರುಗಿದ. "ನಿಮ್ಮನ್ನ ಬೇಡ್ಕೋತೀನಿ. ಕೇಳಿದ್ದನ್ನ ಇಲ್ಲೇ ಬಿಟ್ಟು ಹೋಗಿ. ನನಗೆ ಇನ್ನು ಮನೆಯಾದ್ರೇನು, ಜೈಲಾದ್ರೇನು. ಎರಡೂ ಕಡೆ ಒಂದೇ ತಟ್ಟೆ."

ಅತ್ತ ದರಿ, ಇತ್ತ ಪುಲಿ. ನಿಜ ಬರೆದರೆ ಸತ್ತ ಮಗನ ಹೆಸರು ಮಣ್ಣುಪಾಲು. ಬರೆಯದಿದ್ದರೆ ತಪ್ಪು ಮಾಡದ ಅಪ್ಪ ಸಂಜೆಯ ವಾಹನದ ಪಾಲು. ಕಿವಿಯಮ್ಮನಿಗೆ ಇಷ್ಟು ವರ್ಷ ಕೇಳಿ ಮಾತ್ರ ಗೊತ್ತಿತ್ತು. ಕೇಳಿದ್ದನ್ನು ಕೇಳಲಿಲ್ಲ ಅನ್ನುವುದನ್ನು ಯಾರೂ ಕಲಿಸಿರಲಿಲ್ಲ.

ಮೊಗಸಾಲೆಯಲ್ಲಿ ಬೂಟಿನ ಸದ್ದು. ಒಬ್ಬರದಲ್ಲ.

ಬಾಗಿಲಲ್ಲಿ ಮೇಜರ್ ನಿಂತಿದ್ದ. ಟೊಪ್ಪಿ ಕೈಯಲ್ಲಿತ್ತು. ಹಿಂದೆ ನೂಲಕ್ಕ, ಎದೆಗೆ ಏನೋ ಒತ್ತಿಕೊಂಡು. ಅವಳ ಹಿಂದೆ ಹಾರಾಟದ ಉಡುಪಿನಲ್ಲಿ ಒಬ್ಬ ಯುವಕ.

"ಕಾಲ್ನಡಿಗೆಯ ತಂಡ ಕಣಿವೆ ತಲುಪಿದೆ," ಅಂದ ಮೇಜರ್. ಅವನ ದನಿ ಅವನದಾಗಿರಲಿಲ್ಲ. "ಎಲ್ಲರ ದೇಹ ಸಿಕ್ತು. ಒಬ್ಬರದು ಬಿಟ್ಟು. ಪೈಲಟ್ ಸೀಟು ಖಾಲಿ ಇದೆ."

ಮೋಡಪ್ಪ ಎದ್ದು ನಿಂತ.

"ಬೆಲ್ಟು?"

"ಹರಿದಿಲ್ಲ. ಬಿಚ್ಚಿದೆ. ಕೆಳಗಿನ ಕೊರಕಲಿಗೆ ಯಾರೋ ತೆವಳಿ ಇಳಿದ ಗುರುತಿದೆಯಂತೆ. ಅಲ್ಲಿಗೆ ನಡೆದು ಇಳಿಯೋಕಾಗಲ್ಲ. ಹೆಲಿಕಾಪ್ಟರೇ ಹೋಗ್ಬೇಕು."

ಬದುಕಿದ್ದಾನೆ. ಅಪ್ಪನ ಮುಖದ ಮೇಲೆ ಆ ಮಾತು ಬೆಳಗಿದ್ದನ್ನೂ, ಹಿಂದೆಯೇ ಇನ್ನೊಂದು ಮಾತು ಅದನ್ನು ಕವಿದಿದ್ದನ್ನೂ ಕಿವಿಯಮ್ಮ ನೋಡಿದಳು. ಬದುಕಿ ಬಂದರೆ ಆರೋಪಿ ಅವನೇ.

ನೂಲಕ್ಕ ಎದೆಗೊತ್ತಿಕೊಂಡಿದ್ದನ್ನು ಚಾಚಿದಳು. ಈಗಷ್ಟೇ ಬಂದ ಲೆಕ್ಕ. ಹಾಳೆ ಎರಡಿದ್ದವು.

"ಇವತ್ತೂ ಎರಡು ಪಾಲು ಅಣ್ಣ."

"ಹೋಗಬಹುದಾ..." ಮೇಜರ್ ಅಷ್ಟಕ್ಕೇ ನಿಲ್ಲಿಸಿದ. ಉಳಿದರ್ಧ ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ನನ್ನನ್ನ ಕೇಳಬೇಡಿ. ನಾನಿವತ್ತು ಮುನ್ಸೂಚಕ ಅಲ್ಲ, ಅವನಪ್ಪ."

"ನಿಮ್ಮನ್ನ ಬಿಟ್ಟು ಈ ಹಾಳೆ ಓದೋರು ಇಲ್ಲಿ ಯಾರಿದ್ದಾರೆ?"

ಮೋಡಪ್ಪ ಹಾಳೆಗಳನ್ನು ತೆಗೆದುಕೊಂಡ. "ಯಾರು ಹಾರಿಸ್ತಾರೆ?"

"ನಾನು, ಅಂಕಲ್," ಅಂದ ಹಿಂದಿದ್ದ ಯುವಕ. ಮಗನ ಜೊತೆ ಮನೆಗೆ ಬಂದು, ಕೇಳದೇ ಫ್ರಿಜ್ ತೆಗೆದು ತಿಂದು, ಸೋಫಾದ ಮೇಲೇ ಮಲಗಿ ಎದ್ದು ಹೋಗುತ್ತಿದ್ದವನು.

"ಮನೇಲಿ ಯಾರಿದ್ದಾರಪ್ಪ?"

"ಅಮ್ಮ."

"ನೀನೊಬ್ಬನೇನಾ?"

"ಹೂಂ ಅಂಕಲ್. ಅದೆಲ್ಲ ಈಗ ಯಾಕೆ? ಹೂಂ ಅನ್ನಿ, ಹೋಗಿ ಕರ್ಕೊಂಡು ಬರ್ತೀನಿ. ಬಂದ್ಮೇಲೆ ಇಬ್ಬರಿಗೂ ಸೇರಿಸಿ ಬೈರಿ."

ಮೋಡಪ್ಪ ಒಂದು ಹಾಳೆ ನೋಡಿದ. ಇನ್ನೊಂದು ನೋಡಿದ. ಮತ್ತೆ ಮೊದಲನೆಯದು. ಕಿಟಕಿಯಾಚೆ ಬೆಟ್ಟದ ನೆತ್ತಿ ಕಾಣುತ್ತಿರಲಿಲ್ಲ. ಅಪ್ಪನ ಉಸಿರು ಒಳಗೆ ಹೋಗಿ, ಅಲ್ಲೇ ನಿಂತು, ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದದ್ದು ಕಿವಿಯಮ್ಮನಿಗೆ ಕೇಳಿಸಿತು.

"ಬೇಡ," ಅಂದ.

"ಅಂಕಲ್!"

"ಬೇಡ ಅಂದೆ. ಗಾಳಿ ಏಳ್ಲಿ, ಮಂಜು ಕರಗ್ಲಿ. ಅಲ್ಲಿವರೆಗೆ ಯಾರೂ ಹೋಗಬೇಡಿ."

ಅಷ್ಟು ಹೇಳಿ ಅವನು ಕುಸಿದ. ಕಿವಿಯಮ್ಮ ಹಿಡಿದುಕೊಂಡಳು. ನೂಲಕ್ಕ ಓಡಿಬಂದು ಇನ್ನೊಂದು ತೋಳು ಹಿಡಿದಳು. ಮೇಜರ್ ನೀರು ತರಲು ಹೂಜಿಯ ಕಡೆ ತಿರುಗಿದ. ಮಗನನ್ನು ಕೊರಕಲಿನಲ್ಲಿ ಬಿಟ್ಟು ಮಾತಾಡುವುದೇನಿತ್ತು.

ಆ ಮೌನದಲ್ಲಿ ಅದು ಮೊದಲು ಕೇಳಿಸಿದ್ದು ಅವಳಿಗೇ. ಮೈದಾನದ ಕಡೆಯಿಂದ, ಸಣ್ಣಗೆ, ಸಿಳ್ಳೆಯ ಹಾಗೆ ಶುರುವಾಗಿ ದಪ್ಪವಾಗುತ್ತ ಬಂದ ಎಂಜಿನ್ನಿನ ಸದ್ದು.

ಅವಳು ಬಾಗಿಲ ಕಡೆ ನೋಡಿದಳು. ಯುವಕ ಅಲ್ಲಿರಲಿಲ್ಲ.

ಮೇಜರ್ ಹೂಜಿ ಬಿಸಾಕಿ ಓಡಿದ. ಮೋಡಪ್ಪ ಕಣ್ಣು ಬಿಡದೆಯೇ ಕಿವಿಯಮ್ಮನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

"ತಾಯಿ, ನಿಮಗೆ ಎಲ್ಲಾ ಕೇಳ್ಸುತ್ತೆ ಅಂತಾರೆ," ಅಂದ. "ಹೇಳಿ. ಅದು ಇನ್ನೂ ನೆಲದ ಮೇಲಿದೆಯಾ?"

ಸದ್ದು ಆಗಲೇ ನೆಲ ಬಿಟ್ಟಿತ್ತು.